ಹೆಸರಿಲ್ಲದ ಡಬ್ಬಿ

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮಾರನೆಯ ಬೆಳಿಗ್ಗೆ ಹಾಲಿನವನು ಎಂದಿನಷ್ಟೇ ಹಾಲು ಅಳೆದು ಹಾಕಿ ಹೋದ. ಇನ್ನು ಮುಂದೆ ಕಡಿಮೆ ಸಾಕು ಎಂದು ಹೇಳಲು ನನಗೆ ನೆನಪಾಗಲಿಲ್ಲ. ಕಾಯಿಸಿದೆ. ಒಂದು ಲೋಟ ಕಾಫಿಗೆ ತೆಗೆದು, ಉಳಿದದ್ದಕ್ಕೆ ಹೆಪ್ಪು ಹಾಕೋಣವೆಂದು ಡಬ್ಬಿಗೆ ಕೈಚಾಚಿದೆ. ಆ ಪುಟ್ಟ ಸ್ಟೀಲ್ ಡಬ್ಬಿಯನ್ನು ಹಿಂದಿನ ದಿನ ನಾನೇ ತೊಳೆದು ಪಾತ್ರೆಗಳ ಬುಟ್ಟಿಯಲ್ಲಿ ಬೋರಲು ಹಾಕಿದ್ದೆ. ಈಗ ಅದು ನೆಟ್ಟಗೆ ಕೂತಿತ್ತು, ಮುಚ್ಚಳ ಹಾಕಿಕೊಂಡು. ಎತ್ತಿದರೆ ಭಾರ. ನೀರಿನ ಭಾರವಲ್ಲ, ಅಕ್ಕಿಯ ಭಾರವೂ ಅಲ್ಲ. ನಿದ್ದೆಹೋದವರ ತಲೆ ತೋಳಿನ ಮೇಲಿದ್ದಾಗ ಆಗುವಂಥ ಭಾರ. ನನ್ನ ಗಂಡ ಮಧುವಿನ ತಲೆಯನ್ನು ಒಂದು ವರ್ಷದ ಮೇಲೆ ದಿನವೂ ಎತ್ತಿ ಇಳಿಸಿದವಳು ನಾನು. ಆ ಭಾರ ನನಗೆ ಗೊತ್ತು.

ಡಬ್ಬಿಯನ್ನು ಕೆಳಗಿಟ್ಟು ಹೊರಗಿನ ಕೋಣೆಗೆ ಹೋದೆ. ಅಲ್ಲಿ ಗೋಡೆಯ ಹಲಗೆಯ ಮೇಲೆ ಮೂರು ಡಬ್ಬಿಗಳಿದ್ದವು. ಅವೂ ತುಂಬಿದ್ದವು. ಅದು ನಿರೀಕ್ಷಿಸಿದ್ದೇ. ಅಡುಗೆಮನೆಯದನ್ನು ಮಾತ್ರ ನಿರೀಕ್ಷಿಸಿರಲಿಲ್ಲ.

ಸಕ್ಕರೆ, ಇಕ್ಕಳ, ಮದುವೆಗೆ ಹಾಕಿಕೊಳ್ಳುವ ಸರ ಎಲ್ಲ ಊರಿನಲ್ಲೂ ಎರವಲು ಹೋಗಿ ಬರುತ್ತವೆ. ಈ ಊರಿನಲ್ಲಿ ಇನ್ನೂ ಕೆಲವು ಹೋಗುತ್ತವೆ. ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯವಳ ಹಾಡನ್ನು ತರುತ್ತಾರೆ. ಪರೀಕ್ಷೆಗೆ ಓದುವವರು ಮುದುಕರಿಂದ ನಿದ್ದೆಗೇಡನ್ನು ತರುತ್ತಾರೆ. ಆ ವಾರವೆಲ್ಲ ಮುದುಕರು ಹಾಯಾಗಿ ಮಲಗುತ್ತಾರೆ. ಬರುವುದು ಮುಚ್ಚಳದ ಡಬ್ಬಿಯಲ್ಲಿ. ಡಬ್ಬಿಯ ಹೊಟ್ಟೆಯ ಮೇಲೆ ಮನೆಯವರ ಹೆಸರು ಕೆತ್ತಿರುತ್ತದೆ. ತಂದದ್ದು ಬಳಕೆಯಲ್ಲಿರುವಷ್ಟು ದಿನ ಖಾಲಿ ಡಬ್ಬಿ ಹಲಗೆಯ ಮೇಲಿರಬೇಕು, ಅದರಲ್ಲಿ ಬೇರೇನೂ ಹಾಕಬಾರದು. ಗಂಡನದು ಹೆಂಡತಿಗೆ, ಹೆಂಡತಿಯದು ಗಂಡನಿಗೆ ಹತ್ತುವುದಿಲ್ಲ. ಕೊಟ್ಟವರು ಬಾಯಿಬಿಟ್ಟು ವಾಪಸ್ ಕೇಳುವಂತಿಲ್ಲ. ಇಂಥವರಿಗೆ ಕೊಟ್ಟೆ ಎಂದು ಮನೆಯಾಚೆ ಆಡಿ ತೋರಿಸುವಂತೆಯೂ ಇಲ್ಲ, ಅದೂ ಕೇಳಿದ ಹಾಗೇ. ತಂದವರು ತಾವಾಗಿ ಮುಟ್ಟಿಸಬೇಕು. ತಂದವರು ತೀರಿಹೋದರೆ, ಕರ್ಮ ಮುಗಿದ ಮೇಲೆ ಅದು ತಾನೇ ಡಬ್ಬಿಗೆ ಬಂದು ಕೂರುತ್ತದೆ. ಮುಚ್ಚಳದ ಮೇಲೆ ಒಂದು ಬೇವಿನ ಎಲೆ ಇಟ್ಟು ಮನೆಯವರು ಒಯ್ದು ಕೊಡಬೇಕು. ನಾನು ಹೊರಗಿನವಳು. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನೆಲ್ಲ ಕೇಳಿ ನಕ್ಕಿದ್ದೆ. ಮಧುವೂ ನನ್ನ ಜೊತೆ ನಕ್ಕಿದ್ದ. ಆಗ ಅವನ ನಗು ಅವನದೇ ಆಗಿತ್ತು.

ಅವನು ನೀರು ಸರಬರಾಜಿನ ಕಚೇರಿಯಲ್ಲಿ ಇಂಜಿನಿಯರ್. ಕೆರೆ ಏರಿಯ ತಿರುವಿನಲ್ಲಿ ಸ್ಕೂಟರ್ ಜಾರಿತು. ತಲೆಗೆ ಹೆಲ್ಮೆಟ್ ಇತ್ತು. ರಕ್ತ ಇರಲಿಲ್ಲ. ಎತ್ತಿದವರು ಮೂರ್ಛೆ ಹೋಗಿದ್ದಾನೆ, ಈಗ ಏಳುತ್ತಾನೆ ಎಂದುಕೊಂಡು ಮುಖಕ್ಕೆ ನೀರು ಚಿಮುಕಿಸುತ್ತ ಕೂತಿದ್ದರಂತೆ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮೊದಲು ತೆಗೆದ ಚಿತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಅವನು ಮಾತ್ರ ಏಳಲಿಲ್ಲ. ನನ್ನಷ್ಟೇ ವಯಸ್ಸಿನ ಡಾಕ್ಟರೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದಳು.

“ತಲೆ ಒಡೆಯಲೇಬೇಕು ಅಂತಿಲ್ಲ,” ಎಂದಳು. “ವೇಗದಲ್ಲಿದ್ದ ತಲೆ ತಟ್ಟನೆ ತಿರುಚಿ ನಿಂತರೆ ಸಾಕು. ಮೆದುಳಿನ ಒಂದು ಪದರ ಮುಂದೆ ಜಾರುತ್ತೆ, ಇನ್ನೊಂದು ಹಿಂದೆ ಉಳಿಯುತ್ತೆ. ನಡುವೆ ಇರೋ ನರದ ಎಳೆಗಳು ಜಗ್ಗಿ ಹರಿಯುತ್ತವೆ. ಒಂದು ಕಡೆ ಆಗಿದ್ದರೆ ಇಲ್ಲಿ ಅಂತ ತೋರಿಸಬಹುದಿತ್ತು. ಇದು ಎಲ್ಲ ಕಡೆ.”

“ನನ್ನ ಗುರುತು ಸಿಗುತ್ತಾ?”

“ಗುರುತು ಒಳಗೆ ಎಲ್ಲೋ ಇರಬಹುದು. ಅಲ್ಲಿಂದ ಕಣ್ಣಿನವರೆಗೆ ಬರೋಕೆ ದಾರಿ ಇಲ್ಲ.”

ನಾನು ಸಸ್ಯಶಾಸ್ತ್ರ ಓದಿದವಳು. ಕಾಂಡ ನೆಟ್ಟಗಿದ್ದು ಒಳಗಿನ ನಾಳಗಳು ಹರಿದ ಗಿಡ ಕೆಲವು ದಿನ ಹಸಿರಾಗಿಯೇ ಇರುತ್ತದೆ. ಅಷ್ಟು ಅರ್ಥವಾಯಿತು.

ಮನೆಗೆ ಕರೆತಂದಾಗ ಅವನ ಕಣ್ಣು ತೆರೆದಿತ್ತು. ಕೂರಿಸಿದರೆ ಕೂರುತ್ತಿದ್ದ. ಬಾಯಿಗಿಟ್ಟದ್ದನ್ನು ಬಹಳ ಹೊತ್ತು ಇಟ್ಟುಕೊಂಡು ನುಂಗುತ್ತಿದ್ದ. ಅಷ್ಟೇ. ಆಗ ಊರಿನವರು ಡಬ್ಬಿ ಹಿಡಿದು ಬಂದರು. ಮೊದಲು ಬಂದವನು ಹಿಟ್ಟಿನ ಗಿರಣಿಯ ಕೆಂಪಯ್ಯ. “ನನಗೆ ಸ್ಟೂಲ್ ಮೇಲೆ ಕೂರೋದೇ ಕೆಲಸ ತಾಯಿ. ಬಲಗಾಲು ಹಿಟ್ಟು ಮೆತ್ತಿಕೊಂಡು ಸುಮ್ನೆ ಬಿದ್ದಿರುತ್ತೆ. ನಿಮ್ಮವರಾದರೂ ಓಡಾಡಲಿ,” ಎಂದು ಬಲಗಾಲಿನ ನಡಿಗೆ ಕೊಟ್ಟು, ಮಗನ ಹೆಗಲು ಹಿಡಿದು ಕುಂಟುತ್ತ ಹೋದ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಶ್ರೀಕಂಠಯ್ಯ ಮೇಷ್ಟ್ರು ತಮ್ಮ ಮಾತನ್ನೇ ಕೊಟ್ಟರು. “ಅಂದರೆ, ನೋಡಿ, ಸ್ವಲ್ಪ ಸವೆದಿದೆ, ಆದರೂ ಉಪಯೋಗಕ್ಕೆ ಬರುತ್ತೆ,” ಎಂದದ್ದೇ ಅವರ ಕೊನೆಯ ಮಾತು. ಹಿಂದೆ ನಿಂತಿದ್ದ ಅವರ ಹೆಂಡತಿ, “ನಿಧಾನಕ್ಕೆ ಕೊಡಮ್ಮ, ಅವಸರ ಇಲ್ಲ,” ಎಂದರು. ಪಕ್ಕದ ಮನೆಯ ತುಂಗಕ್ಕ ನಗು ತಂದಳು. “ಕಾಲೂ ಬಂತು, ಮಾತೂ ಬಂತು. ನಗು ಇಲ್ಲದ ಗಂಡಸು ಮನೆಗೆ ಭಾರ ಕಣೇ ಹೈಮಾ. ಇಟ್ಕೋ.” ಅಂದಿನಿಂದ ಯಾರಾದರೂ ತಮಾಷೆ ಮಾಡಿದರೆ ತುಂಗಕ್ಕ ನೆಟ್ಟಗೆ ಮುಖ ನೋಡಿ, “ನಕ್ಕೆ ಅಂತ ತಿಳ್ಕೋ,” ಎನ್ನುತ್ತಿದ್ದಳು.

ಹೀಗೆ ಮಧು ಎದ್ದು ಓಡಾಡಿದ. ಕೆಂಪಯ್ಯನ ಹಾಗೆ ಬಲಗಾಲನ್ನು ಒಂದಿಷ್ಟು ಹೊರಕ್ಕೆ ಎಸೆದು ನಡೆಯುತ್ತಿದ್ದ. “ಅಂದರೆ, ನೋಡಿ, ನೀರು,” ಎಂದು ನೀರು ಕೇಳುತ್ತಿದ್ದ. ಮೊದಲ ಸಲ ಅವನು ನಕ್ಕಾಗ, ತುಂಗಕ್ಕ ಯಾವಾಗ ಬಂದಳು ಎಂದು ನಾನು ಅಡುಗೆಮನೆಯಿಂದ ಹೊರಗೆ ಬಂದು ನೋಡಿದೆ. ಒಬ್ಬನೇ ಕೂತು ಹೆಂಗಸಿನ ದನಿಯಲ್ಲಿ ನಗುತ್ತಿದ್ದ.

ಇಷ್ಟೆಲ್ಲ ಬಂದರೂ ಅವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ದಿನವೂ ಬೆಳಿಗ್ಗೆ ಕಾಫಿ ಹಿಡಿದು ಅವನೆದುರು ಕೂರುತ್ತಿದ್ದೆ. ಕೇಳಬಾರದು ಎಂದುಕೊಂಡೂ ಕೇಳುತ್ತಿದ್ದೆ. “ನಾನು ಯಾರು ಹೇಳು.” ಅವನು ಬಹಳ ಪ್ರಯತ್ನಪಡುತ್ತಿದ್ದ. “ಅಂದರೆ, ತಾವು...” ಎಂದು ನಿಲ್ಲಿಸುತ್ತಿದ್ದ. ಅವನ ಕಣ್ಣು ನನ್ನ ಮೇಲಿದ್ದು ನನ್ನಲ್ಲಿ ನಿಲ್ಲುತ್ತಿರಲಿಲ್ಲ. ಗೋಡೆ, ಕಿಟಕಿ, ನಾನು, ಮತ್ತೆ ಗೋಡೆ.

ಆಮೇಲೆ ಒಂದು ಬೆಳಿಗ್ಗೆ ನಾನು ಕಾಫಿ ತಂದಾಗ ಅವನು ತಲೆ ಎತ್ತಿ ನೋಡಿದ. ಮೊದಲು ಕಣ್ಣಿನ ಅಂಚು ಸಡಿಲವಾಯಿತು. ಆಮೇಲೆ ಗಲ್ಲ ಸ್ವಲ್ಪ ಇಳಿಯಿತು. ಬಸ್ಸಿಗಾಗಿ ಬಹಳ ಹೊತ್ತು ಕಾದವನು ಇಳಿದು ಬರುವವಳನ್ನು ಕಂಡ ಹಾಗೆ. ಹಿಂದಿನ ದಿನ ತಾನೇ ಅವನು ನನ್ನ ಕಣ್ಣು ತಪ್ಪಿಸಿ, ಗೋಡೆ ಹಿಡಿದುಕೊಂಡು, ಒಬ್ಬನೇ ಬೀದಿಗೆ ಹೋಗಿ ಬಂದಿದ್ದ. ಬಿದ್ದಿದ್ದರೆ ಏನು ಗತಿ ಎಂದು ಬೈದಿದ್ದೆ. ಈಗ ಲೋಟ ಕೊಟ್ಟು ಎದುರಿಗೆ ಕೂತೆ. ಆ ದಿನದಿಂದ ನಾನು ಯಾರು ಎಂದು ಕೇಳುವುದನ್ನು ಬಿಟ್ಟೆ.

ಆ ನೋಟದಲ್ಲಿ ಒಂದು ಐಬಿತ್ತು. ಅದು ನನ್ನ ಕಣ್ಣಿಗಿಂತ ಒಂದಿಷ್ಟು ಮೇಲೆ, ಹಣೆಯನ್ನೂ ದಾಟಿ, ಬೈತಲೆಯ ಹತ್ತಿರ ಬಂದು ಮುಟ್ಟುತ್ತಿತ್ತು. ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. “ಕಣ್ಣುಗಳು ಸರಿಯಾಗಿ ಕೂಡಿಬರದೆ ಹಾಗಾಗುತ್ತೆ. ಆದರೆ ಗುರುತು ಹಿಡಿದರಲ್ಲ, ಅದು ದೊಡ್ಡದು. ಎಲ್ಲೋ ಒಂದು ಎಳೆ ಹರಿಯದೆ ಉಳಿದಿರಬೇಕು,” ಎಂದಳು. ನಾನು ಆ ಒಂದು ಎಳೆಯ ಮೇಲೆ ಬದುಕಿದೆ. ನಡಿಗೆ ಕೆಂಪಯ್ಯನದು, ಮಾತು ಮೇಷ್ಟ್ರದು, ನಗು ತುಂಗಕ್ಕನದು. ನೋಟ ಮಧುವಿನದು. ಹಲಗೆಯ ಮೇಲೆ ಡಬ್ಬಿ ಇಲ್ಲದ್ದು ಅದೊಂದೇ. ಮುಂದಿನ ಚಳಿಗಾಲದಲ್ಲಿ ಅವನ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಕೊನೆಯ ದಿನವೂ ಹಾಗೆಯೇ ನೋಡಿದ, ಬೈತಲೆಯ ಕಡೆಗೆ.

ಈಗ ಅಡುಗೆಮನೆಯ ಡಬ್ಬಿ ತುಂಬಿ ಕೂತಿತ್ತು. ಅದರ ಮೇಲೆ ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದಲೇ ಅದು ನಮ್ಮದೇ ಎಂದುಕೊಂಡು, ಅದು ಯಾವಾಗ ಬಂತೆಂದು ಯೋಚಿಸದೆ, ಅಷ್ಟು ದಿನ ಹೆಪ್ಪಿಗೆ ಬಳಸಿದ್ದೆ. ನಾನು ಅದನ್ನು ಅಲ್ಲೇ ಬಿಟ್ಟು, ಹಲಗೆಯ ಮೇಲಿನ ಮೂರನ್ನು ಚೀಲದಲ್ಲಿಟ್ಟುಕೊಂಡು ಹೊರಟೆ.

ಕೆಂಪಯ್ಯ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೇವಿನ ಎಲೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಮುಚ್ಚಳ ತೆರೆದ. ಸ್ಟೂಲಿನಿಂದ ಎದ್ದು ಗಿರಣಿಯ ಸುತ್ತ ಒಂದು ಸುತ್ತು ಬಂದ. ಸಂತೋಷ ತೋರಿಸಬಾರದೆಂದು ಮುಖ ಗಂಟಿಕ್ಕಿಕೊಂಡಿದ್ದ, ಆದರೆ ಕಾಲು ಕುಣಿಯುತ್ತಿತ್ತು. ಅಂದು ಸಂಜೆ ಅವನು ನಮ್ಮ ಬೀದಿಯಲ್ಲಿ ಹೋಗುತ್ತಿದ್ದವನು ಸೀದಾ ನಮ್ಮ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತ. ನಾನು ಒಳಗಿಂದ ಆ ಹೆಜ್ಜೆ ಕೇಳಿ ಎದ್ದೆ. ಅವನು ನನ್ನನ್ನು ಕಂಡು ತಬ್ಬಿಬ್ಬಾದ. “ಬೇಜಾರು ಮಾಡ್ಕೋಬೇಡಿ ತಾಯಿ. ನಾನು ಸಂತೆಬೀದಿಗೆ ಹೊರಟಿದ್ದೆ. ಕಾಲು ತಾನೇ ಇಲ್ಲಿ ತಿರುಗಿಬಿಡ್ತು. ಇದಕ್ಕೂ ಮರೆಯೋಕೆ ಒಂದಿಷ್ಟು ದಿನ ಬೇಕಲ್ಲ.” ಆಮೇಲೂ ಕೆಲವು ಸಲ ಹಾಗಾಯಿತು. ಅವನು ಬಾಗಿಲವರೆಗೆ ಬಂದು, ಕಾಲನ್ನು ಕೈಯಲ್ಲಿ ಹಿಡಿದು ತಿರುಗಿಸಿಕೊಂಡು ಹೋಗುತ್ತಿದ್ದ.

ಶ್ರೀಕಂಠಯ್ಯ ಮೇಷ್ಟ್ರು ಡಬ್ಬಿ ತೆರೆದು ಬಹಳ ಹೊತ್ತು ಬಾಯಿ ಆಡಿಸುತ್ತ ಕೂತರು. “ಅಂದರೆ, ನೋಡಿ,” ಎಂದರು. ತಮ್ಮ ದನಿ ಕೇಳಿ ಅವರಿಗೇ ಕಣ್ಣು ತುಂಬಿತು. ನನ್ನ ಕಣ್ಣು ತುಂಬಲಿಲ್ಲ. ಒಂದು ವರ್ಷ ಮಧುವಿನ ಬಾಯಿಂದ ಕೇಳಿದ ಅದೇ ಮಾತು ಮುದುಕರ ಬಾಯಿಂದ ಬರುತ್ತಿರುವುದನ್ನು ಸುಮ್ಮನೆ ನೋಡಿದೆ. ಅವರು ಮತ್ತೆ ಹೇಳಿದರು: “ಇದರ ಜೊತೆ ಏನೋ ಒಂದು ಉಳಿದುಬಂದಿದೆ. ‘ನನಗೆ ಸಾಕು, ನೀವು ಊಟ ಮಾಡಿ.’ ನಾಲಿಗೆ ಮೇಲೇ ಇದೆ. ಇದು ನನ್ನದಲ್ಲ. ನಾನು ಇದನ್ನ ಯಾರಿಗೂ ಹೇಳಿದವನಲ್ಲ.”

“ಅದಂತೂ ನಿಜ,” ಎಂದರು ಅವರ ಹೆಂಡತಿ ಒಳಗಿನಿಂದ. “ಮದುವೆಯಾದಾಗಿನಿಂದ ಒಂದು ಸಲ ಹೇಳಿಲ್ಲ. ಇಟ್ಕೊಳ್ಳಿ ಅದನ್ನ, ಕೆಡಿಸಬೇಡಿ.”

ತುಂಗಕ್ಕ ಡಬ್ಬಿ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. “ನಿನ್ನೆದುರಿಗೆ ತೆರೆಯೋಲ್ಲ ಕಣೇ. ಅದು ತೆರೆದ ತಕ್ಷಣ ನುಗ್ಗಿ ಬರುತ್ತೆ. ನೀನು ಮನೆಗೆ ಹೋಗು.” ನಾನು ಮನೆಗೆ ಬಂದೆ. ಒಲೆ ಹಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಅವನು ನಕ್ಕ. ನಿಲ್ಲಿಸಿ, ಉಸಿರು ಎಳೆದುಕೊಂಡು, ಮತ್ತೆ ನಕ್ಕ. ತುಂಗಕ್ಕ ಬಾಯಿಗೆ ಬಟ್ಟೆ ಒತ್ತಿಕೊಂಡಿರಬೇಕು. ಆದರೂ ಕೇಳುತ್ತಿತ್ತು. ಅವನು ಊರೆಲ್ಲ ಚದುರಿ ಬದುಕಿದ್ದಾನೆ, ನನ್ನ ಮನೆಯೊಂದನ್ನು ಬಿಟ್ಟು, ಎಂದು ನನಗೆ ಆಗ ಅನಿಸಿತು.

ನಾನು ಅಡುಗೆಮನೆಗೆ ಹೋಗಿ ಹೆಸರಿಲ್ಲದ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಸ್ಟೀಲಿನ ತಳ ಹೊಳೆಯುತ್ತಿತ್ತು. ಆದರೆ ಯಾರೋ ನನ್ನನ್ನು ಗುರುತು ಹಿಡಿದರು. ಮೊದಲು ಅಂಚು ಸಡಿಲವಾಯಿತು, ಆಮೇಲೆ ಏನೋ ಮೆಲ್ಲಗೆ ಇಳಿಯಿತು. ಬೈತಲೆಯ ಹತ್ತಿರ ಬೆಚ್ಚಗಾಯಿತು. ಮುಚ್ಚಳ ಹಾಕಿದೆ. ಆ ಒಂದು ಎಳೆಯೂ ಹರಿದಿತ್ತು ಎಂದಷ್ಟೇ ತಿಳಿಯಿತು.

ಮಾರನೆಯ ದಿನ ತುಂಗಕ್ಕ ಉಪ್ಪಿಟ್ಟು ತಂದಳು. ತಟ್ಟೆ ಇಡಲು ಜಾಗ ಮಾಡಲೆಂದು ಡಬ್ಬಿಯನ್ನು ಎತ್ತಿದವಳು ಬಿಸಿ ತಾಕಿದ ಹಾಗೆ ಕೆಳಗಿಟ್ಟಳು.

“ಇದು ಯಾರದ್ದೇ? ತುಂಬಿದೆಯಲ್ಲ!”

“ನಮ್ಮದೇ. ಹೆಪ್ಪಿನ ಡಬ್ಬಿ.”

“ಎರವಲಿನ ಡಬ್ಬೀಲಿ ಹೆಪ್ಪು ಹಾಕಿದ್ಯಾ?” ಅವಳು ಡಬ್ಬಿಯನ್ನು ಮುಟ್ಟದೆ ಬಗ್ಗಿ ಸುತ್ತ ನೋಡಿದಳು. “ಹೆಸರಿಲ್ಲ. ಹೆಸರಿಲ್ಲದ ಡಬ್ಬಿ ಈ ಊರಲ್ಲಿ ಒಂದೇ ಮನೇಲಿರೋದು. ಪಾತ್ರೆಬೀದಿ ಮೌನೇಶಾಚಾರ್ ಮನೇಲಿ. ಊರಿನ ಪಾತ್ರೆಗೆಲ್ಲ ಹೆಸರು ಕೆತ್ತೋ ಪುಣ್ಯಾತ್ಮ, ತನ್ನ ಮನೆ ಲೋಟಕ್ಕೆ ಒಂದು ಚುಕ್ಕೆ ಇಟ್ಟಿಲ್ಲ. ಕೇಳಿದ್ರೆ, ‘ನನ್ನದು ನನಗೆ ಗುರುತು ಸಿಗಲ್ವಾ’ ಅಂತಿದ್ದ.” ಅವಳು ಅಲ್ಲಿಗೆ ತಡೆದಳು. ನನ್ನ ಮುಖ ನೋಡಿದಳು. “ಹೈಮಾ, ಅವನು ಏನು ಕೊಟ್ಟಿದ್ದ?”

“ಗೊತ್ತಿಲ್ಲ,” ಎಂದೆ.

ತುಂಗಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. “ವರ್ಷದ ಹತ್ರ ಆಗುತ್ತಾ ಬಂತು, ಮೌನೇಶಾಚಾರ್‌ಗೆ ಹೆಂಡತಿ ಗುರುತು ಸಿಗೋದಿಲ್ಲ. ಊರಿನವರದೆಲ್ಲ ಸಿಗುತ್ತೆ. ವಿಶಾಲಮ್ಮ ಒಬ್ಬಳನ್ನ ಬಿಟ್ಟು. ಅರುಳು ಮರುಳು ಅಂದ್ಕೊಂಡಿದ್ವಿ ನಾವೆಲ್ಲ.” ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. “ನಾನೇನೂ ಹೇಳಲಿಲ್ಲ ಅಂತ ತಿಳ್ಕೋ. ಉಪ್ಪಿಟ್ಟು ಆರೋಕೆ ಮುಂಚೆ ತಿನ್ನು.”

ಆದ್ದರಿಂದ ನನಗೆ ಗೊತ್ತಿತ್ತು. ಡಬ್ಬಿ ಯಾರದು, ಅದರಲ್ಲಿ ಏನಿದೆ, ಅದಿಲ್ಲದೆ ಯಾರು ಏನನ್ನು ಅನು­ಭವಿಸುತ್ತಿದ್ದಾರೆ, ಎಲ್ಲ. ಗೊತ್ತಿದ್ದೂ ಒಯ್ಯಲಿಲ್ಲ. ಬೆಳಿಗ್ಗೆ ಕಾಫಿ ಮಾಡಿ, ಅವನು ಕೂರುತ್ತಿದ್ದ ಕುರ್ಚಿಯ ಮೇಲೆ ಡಬ್ಬಿ ಇಟ್ಟು, ಮುಚ್ಚಳ ತೆಗೆದು, ಎದುರಿಗೆ ಕೂರುತ್ತಿದ್ದೆ. ಕಾಫಿ ಮುಗಿಯುವವರೆಗೆ. ಕೊಟ್ಟರೆ, ಮಧು ಒಂದು ದಿನವೂ ನನ್ನನ್ನು ಗುರುತು ಹಿಡಿದಿರಲಿಲ್ಲ ಎಂದು ನಾನೇ ಹೋಗಿ ಸಾಕ್ಷಿ ಹೇಳಿದಂತಾಗುತ್ತಿತ್ತು. ಕೊಡದಿದ್ದರೆ ನಾನು ಅವನ ಹೆಂಡತಿಯಾಗಿಯೇ ಉಳಿಯುತ್ತಿದ್ದೆ, ಕಾಫಿ ಮುಗಿಯುವಷ್ಟು ಹೊತ್ತು.

ಆದರೆ ನೋಟ ಬದಲಾಗತೊಡಗಿತು. ಮೊದಲ ದಿನಗಳಲ್ಲಿ ಬಂದು ನಿಲ್ಲುತ್ತಿತ್ತು. ಆಮೇಲೆ ಬರುವುದು, ತಡವರಿಸುವುದು, ನನ್ನ ತಲೆಯ ಮೇಲಿನ ಖಾಲಿ ಜಾಗದಲ್ಲಿ ಯಾರನ್ನೋ ಹುಡುಕುವುದು. ಒಂದು ಬೆಳಿಗ್ಗೆ ನಾನು ಮಣೆ ತಂದು ಹಾಕಿ ಅದರ ಮೇಲೆ ನಿಂತೆ. ಅಷ್ಟು ದಿನದಲ್ಲಿ ಮೊದಲ ಸಲ ನೋಟ ನೇರವಾಗಿ ನನ್ನ ಕಣ್ಣಿಗೆ ಬಂತು. ಅದರಲ್ಲಿ ಏನೇನಿತ್ತು ಎಂದು ಆಗ ಕಂಡಿತು. ಜಗಳಗಳು ಇದ್ದವು. ಯಾರದೋ ಬಾಣಂತನ ಇತ್ತು. ಸುಟ್ಟ ರೊಟ್ಟಿಯ ಮೇಲಿನ ಒಂದು ಹಳೆಯ ತಮಾಷೆ ಇತ್ತು. ಬಹಳ ವರ್ಷ ಒಂದೇ ಹೊದಿಕೆ ಎಳೆದಾಡಿದವರ ಸಲಿಗೆ ಇತ್ತು. ಮಧುವಿಗೂ ನನಗೂ ಮದುವೆಯಾಗಿ ಎರಡೇ ವರ್ಷವಾಗಿತ್ತು, ಅವನು ಬಿದ್ದಾಗ. ಈ ನೋಟಕ್ಕೆ ಗೊತ್ತಿದ್ದ ಹೆಂಗಸು ನಾನಲ್ಲ. ಮಣೆಯಿಂದ ಇಳಿದೆ. ಮುಚ್ಚಳ ಹಾಕಿದೆ. ಹಿತ್ತಿಲಿಗೆ ಹೋಗಿ ಬೇವಿನ ಎಲೆ ಕಿತ್ತೆ.

ಪಾತ್ರೆಬೀದಿಯ ಕೊನೆಯಲ್ಲಿ ಅವರ ಮನೆ, ಮುಂದಿನ ಭಾಗವೇ ಅಂಗಡಿ. ಮದುವೆಯ ಕಾಲ. ಮೌನೇಶಾಚಾರ್ ಮಡಿಲಲ್ಲಿ ಒಂದು ಕೊಳಗವನ್ನು ಮಲಗಿಸಿಕೊಂಡು ಪುಟ್ಟ ಉಳಿಯಿಂದ ಯಾರದೋ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೆತ್ತುತ್ತಿದ್ದರು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಬಾಗಿಲು ಪೂರ್ತಿ ತೆರೆದಿತ್ತು.

“ಬನ್ನಿ ಅಮ್ಮಾ,” ಎಂದರು ಆಚಾರ್, ಉಳಿ ನಿಲ್ಲಿಸದೆ. “ಆ ತಾಯಿಗೆ ಸ್ವಲ್ಪ ಸರಿದು ಕೂರೋಕೆ ಹೇಳಿ. ಯಾವಾಗ ನೋಡಿದ್ರೂ ಅಲ್ಲೇ ಕೂತಿರ್ತಾರೆ. ಪಾಪ, ಊಟಾನೂ ಅವರೇ ಬಡಿಸ್ತಾರೆ, ಹಾಗಾಗಿ ಏಳಿ ಅನ್ನೋಕೆ ಸಂಕೋಚ.”

ಮೆಟ್ಟಿಲ ಮೇಲಿದ್ದವಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. “ಕೇಳಿದ್ಯೇನಮ್ಮ ಮರ್ಯಾದೆ! ಹತ್ತೊಂಬತ್ತು ವರ್ಷ ‘ಏ’ ಅಂತ ಕೂಗ್ತಿದ್ದ ಬಾಯಿ. ಈಗ ‘ತಾಯಿ’ ಅಂತೆ, ‘ತಾವು’ ಅಂತೆ. ಹೋದ ಹಬ್ಬಕ್ಕೆ ಹೊಸ ಸೀರೆ ಉಟ್ಟು ಎದುರಿಗೆ ನಿಂತ್ರೆ, ‘ತಮ್ಮ ಯಜಮಾನ್ರು ಬಂದಿಲ್ವಾ’ ಅಂತ ಕೇಳ್ತಾರೆ.” ಹೇಳುತ್ತ ಹೇಳುತ್ತ ಅವಳ ಕಣ್ಣು ನನ್ನ ಕೈಯ ಮೇಲೆ ಬಿತ್ತು. ಡಬ್ಬಿ. ಎಲೆ. ಮಡಿಲಿನ ಕಡಲೆಕಾಯಿ ಚೆಲ್ಲಿದ್ದು ತಿಳಿಯದೆ ಎದ್ದು ನಿಂತಳು. ಅವಳ ತಲೆ ಬಾಗಿಲ ಮೇಲ್ಪಟ್ಟಿಗೆ ತಾಗುವಂತಿತ್ತು. ನನಗಿಂತ ಒಂದು ಮಣೆಯಷ್ಟು ಎತ್ತರ.

“ನಿಮ್ಮ ಮನೆಯಲ್ಲಿತ್ತಾ?” ಎಂದಳು.

“ಹೂಂ.”

“ಊರಲ್ಲಿ ಯಾರು ತೀರಿಕೊಂಡ್ರೂ ನಾನು ಬಾಗಿಲು ತೆಗೆದು ಕೂರ್ತೀನಮ್ಮ,” ಎಂದಳು ವಿಶಾಲಮ್ಮ. ದನಿ ತೀರ ಇಳಿದಿತ್ತು. “ಅವರ ಮನೆಯವರು ಅಳ್ತಿರ್ತಾರೆ, ನಾನು ಇಲ್ಲಿ ಕಾಯ್ತಿರ್ತೀನಿ. ಇಂಥ ಪಾಪಿ ನಾನು. ನಿಮ್ಮ ಯಜಮಾನ್ರು ಹೋದಾಗಲೂ ಕಾದೆ. ಕರ್ಮ ಮುಗಿದು ವಾರ ಆಯ್ತು, ಯಾರೂ ಬರಲಿಲ್ಲ. ಕೊಟ್ಟದ್ದು ಇವರ ಮನೆಗಲ್ಲ ಅಂದ್ಕೊಂಡು ಬಾಗಿಲು ಹಾಕಿದೆ. ಇವತ್ತು ತೆಗೆದದ್ದು ಬರೀ ಸೆಕೆ ಅಂತ.”

ನಾನು ಅವಳ ಪಕ್ಕದಿಂದ ಮೆಟ್ಟಿಲು ಹತ್ತಿ ಅಂಗಡಿಯೊಳಗೆ ಹೋದೆ.

ಆಚಾರ್ ಉಳಿ ಕೆಳಗಿಟ್ಟು ಕನ್ನಡಕ ಸರಿಮಾಡಿಕೊಂಡರು. “ಓ, ನಮ್ಮ ಡಬ್ಬಿ. ತಾವು ಮಧುಕೇಶ ಅವರ ಮನೆಯವರಲ್ವೇ? ಈಗ ಹೇಳಬಹುದು, ವಾಪಸ್ ಬಂತಲ್ಲ. ಅವರೇ ಬಂದಿದ್ರು ಅಮ್ಮಾ. ಗೋಡೆ ಹಿಡ್ಕೊಂಡು, ಬೆವರು ಸುರಿಸ್ಕೊಂಡು, ಆ ಕಡೆಯಿಂದ ಈ ಕಡೆಗೆ ಬರೋಕೆ ಅರ್ಧ ದಿನ ಹಿಡಿದಿರಬೇಕು. ನಾನು ಹೆಸರು ಕೆತ್ತೋನು ಅಂತ ಹುಡುಕಿ ಬಂದದ್ದು. ಒಂದು ಹೆಸರು ಬೇಕಿತ್ತು ಅಂದ್ರು. ಯಾರದು ಅಂದೆ. ‘ಅಂದರೆ, ನೋಡಿ, ಅದೇ ಗೊತ್ತಿಲ್ಲ,’ ಅಂದ್ರು.”

“ಏನು ಹೇಳಿದ್ರು? ಪೂರ್ತಿ ಹೇಳಿ,” ಎಂದೆ.

“‘ಮನೆಯಲ್ಲಿ ಒಬ್ಬರು ಹೆಂಗಸಿದ್ದಾರೆ. ದಿನಾ ಬೆಳಿಗ್ಗೆ ಎದುರಿಗೆ ಬಂದು ಕೂರ್ತಾರೆ. ನನ್ನಿಂದ ಏನೋ ಕಾಯ್ತಾರೆ. ಅದೇನು ಅಂತ ನನಗೆ ತಿಳಿಯೋದಿಲ್ಲ. ಅವರಿಗೆ ಇಲ್ಲ ಅಂತ ಹೇಳೋದಕ್ಕೂ ಆಗ್ತಿಲ್ಲ.’ ಹೀಗಂದ್ರು. ಹೇಳ್ತಾ ಹೇಳ್ತಾ ಕೈ ಹೀಗೆ ಹೀಗೆ ಮಾಡ್ತಿದ್ರು.” ಆಚಾರ್ ಎರಡು ಅಂಗೈಗಳನ್ನು ಒಂದರ ಮೇಲೊಂದು ತಿಕ್ಕಿ ತೋರಿಸಿದರು. “ನನಗೆ ಅರ್ಥ ಆಯ್ತು, ಅವರಿಗೆ ಬೇಕಾದ್ದು ಹೆಸರಲ್ಲ ಅಂತ. ನಾಲ್ಕು ದಿನದ ಮಟ್ಟಿಗೆ ಇರಲಿ ಅಂತ ಕೊಟ್ಟೆ. ಮನೇಲಿ ಒಂದು ಮಾತು ಹೇಳೋಣ ಅಂತ ಒಳಗೆ ಬಂದೆ. ಯಾರಿಗೆ ಹೇಳಬೇಕು ಅಂತ ಗೊತ್ತಾಗ್ಲಿಲ್ಲ. ಈ ತಾಯಿ ಒಬ್ಬರು ಇದ್ರು. ಪರರ ಹತ್ರ ಮನೆ ವಿಷಯ ಯಾಕೆ ಅಂತ ಸುಮ್ಮನಾದೆ.”

“ಹತ್ತೊಂಬತ್ತು ವರ್ಷದ ಪರರು,” ಎಂದಳು ವಿಶಾಲಮ್ಮ. ಸೆರಗಿನಿಂದ ಮೂಗು ಒರೆಸಿಕೊಂಡಳು.

ಕೈ ಹಾಗೆ ತಿಕ್ಕುವುದು ಮಧುವಿನ ಅಭ್ಯಾಸ. ನೀರು ಬಿಡುವುದು ತಡವಾಗಿ ಯಾರಾದರೂ ಮನೆಗೆ ಬಂದು ಬೈದಾಗ ಅವನು ಹಾಗೆ ಮಾಡುತ್ತಿದ್ದ. ಬಿದ್ದ ಮೇಲೆ ನಾನು ಅದನ್ನು ನೋಡಿರಲೇ ಇಲ್ಲ. ನಾನು ಅಲ್ಲೇ ನಿಂತು ಮನಸ್ಸಿನಲ್ಲಿ ಆ ಬೀದಿಗಳನ್ನು ಅವನ ಜೊತೆ ಮತ್ತೊಮ್ಮೆ ನಡೆದೆ. ಇಲ್ಲಿಗೆ ಬಂದ ಕಾಲು ಕೆಂಪಯ್ಯನದು. ಕೇಳಿದ ಮಾತು ಮೇಷ್ಟ್ರದು. ಆದರೆ ಯಾರೋ ಗೊತ್ತಿಲ್ಲದ ಹೆಂಗಸು ಕಾಯುತ್ತಾಳೆ, ಅವಳಿಗಾಗಿ ಏನಾದರೂ ತರಬೇಕು ಎಂದು ಗೋಡೆ ಹಿಡಿದು ಹೊರಟದ್ದು ಯಾರು? ಅದಕ್ಕೆ ನಮ್ಮ ಹಲಗೆಯ ಮೇಲೆ ಡಬ್ಬಿ ಇರಲಿಲ್ಲ. ಅಡುಗೆಮನೆಯಲ್ಲೂ ಇರಲಿಲ್ಲ.

ಬೇವಿನ ಎಲೆ ಜಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಡಬ್ಬಿಯನ್ನು ಎರಡೂ ಕೈಯಿಂದ ಮೌನೇಶಾಚಾರ್ ಅವರಿಗೆ ಕೊಟ್ಟೆ. ಕೊಟ್ಟ ಮೇಲೆ ಕೈಗಳು ಎಷ್ಟು ಹಗುರವಾದವೆಂದರೆ ಅವು ತಾವಾಗಿ ಸ್ವಲ್ಪ ಮೇಲೆದ್ದವು. ಅವರು ಎಲೆಯನ್ನು ಪಕ್ಕಕ್ಕಿಟ್ಟು, ಅಂಗಿಯ ತುದಿಯಿಂದ ಮುಚ್ಚಳವನ್ನು ಒರೆಸಿ, ತೆರೆದರು. ತೆರೆದು ತಲೆ ಎತ್ತಿದರು. ಎದುರಿಗೆ ನಾನಿದ್ದೆ. ಮೊದಲು ಕಣ್ಣಿನ ಅಂಚು ಸಡಿಲವಾಯಿತು. ಗಲ್ಲ ಸ್ವಲ್ಪ ಇಳಿಯಿತು. ಅಭ್ಯಾಸದಿಂದಲೋ ಏನೋ, ಅದು ಒಂದು ಗಳಿಗೆ ನನ್ನ ಹತ್ತಿರ ಬಂದು ನಿಂತಿತು. ಆಮೇಲೆ ಬೈತಲೆಯನ್ನು ದಾಟಿ ಮೇಲಕ್ಕೆ, ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದವಳ ಕಣ್ಣಿನ ಎತ್ತರಕ್ಕೆ ಹೋಯಿತು.

“ಏ ವಿಶಾಲೀ,” ಎಂದರು ಅವರು. “ಎಲ್ಲಿ ಹೋಗಿದ್ಯೇ ಇಷ್ಟು ಹೊತ್ತು?”

ಹಿಂದಿನಿಂದ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ನಾನು ಅವರಿಬ್ಬರ ನಡುವೆ ನಿಂತಿದ್ದೆ. ಪಕ್ಕಕ್ಕೆ ಸರಿದೆ.